ನಕಾಶೆಯಲ್ಲಿ ಗಟಾರ, ಹಿತ್ತಲಲ್ಲಿ ಹಳ್ಳ

ಮೊದಲು ಬೆಲೆ ಹೇಳಿಬಿಡುತ್ತೇನೆ, ಕತೆ ಆಮೇಲೆ. ಅಂಗಡಿಯ ಹಿಂದಿನ ಹಳ್ಳವನ್ನು ಹಳ್ಳವಾಗಿಯೇ ಉಳಿಸಲು ಹೋಗಿ ನಾನು ಕೊಟ್ಟಿದ್ದು ಇಷ್ಟು: ನನ್ನ ಜಾಗದ ಉದ್ದಕ್ಕೂ ಒಂದು ಪಟ್ಟಿ ನೆಲ, ಲಾರಿ ಒಳಗೆ ಬಂದು ತಿರುಗುವ ಅನುಕೂಲ, ಮತ್ತು ಆ ವರ್ಷದ ನಾಗರ ಪಂಚಮಿಗೆ ತಮ್ಮ ಬಂದು ಕರೆಯುವ ಕರೆ. ಯಾಕೆ ಕೊಟ್ಟೆ ಎಂದರೆ, ಅದಕ್ಕಿಂತ ಕಡಿಮೆಗೆ ಹಳ್ಳ ಸಿಗುತ್ತಿರಲಿಲ್ಲ. ಸಿಗುವಂತಿದ್ದರೆ ನಾನು ಕಡಿಮೆಗೇ ತೆಗೆದುಕೊಳ್ಳುತ್ತಿದ್ದೆ. ನನ್ನನ್ನು ಬಲ್ಲವರು ಇದಕ್ಕೆ ಸಾಕ್ಷಿ.

ನಾನು ಧಾರವಾಡದ ಕಡೆಯವಳು. ಮದುವೆಯಾಗಿ ಗೋವೆಗೆ ಬಂದಾಗ ಗಂಡ ಡಿಚೋಲಿಯಲ್ಲಿ ಅದಿರಿನ ಲಾರಿ ಓಡಿಸುತ್ತಿದ್ದರು. ಗಣಿ ಕೆಲಸ ನಿಂತು ಅವರು ಮನೆಯಲ್ಲಿ ಕೂತಾಗ, ನಾನು ನಮ್ಮ ಕಡೆಯ ಕೂಲಿಯವರಿಗೆ ಜೋಳದ ರೊಟ್ಟಿ ತಟ್ಟಿ ಮಾರಲು ಶುರು ಮಾಡಿದೆ. ರೊಟ್ಟಿಯಿಂದ ಹಿಟ್ಟು, ಹಿಟ್ಟಿನಿಂದ ಕಾಳು, ಕಾಳಿನಿಂದ ಸತ್ತರಿ ತಾಲೂಕಿನ ಒಂದು ಪೇಟೆಯಲ್ಲಿ ಸ್ವಂತ ಅಂಗಡಿ. ಪೇಟೆಯ ಹೆಸರು ಬೇಡ. ಅಲ್ಲಿ ನಾಳೆಯೂ ನಾನು ವ್ಯಾಪಾರ ಮಾಡಬೇಕು. ವಾಳಪೈಗೆ ಹೋಗುವ ಬಸ್ಸು ನಮ್ಮ ಬಾಗಿಲ ಮುಂದೆಯೇ ನಿಲ್ಲುತ್ತದೆ ಎಂದರೆ ಸಾಕು.

ಅಂಗಡಿಯ ಹಿಂದೆ ಹಳ್ಳ. ಇಲ್ಲಿಯವರ ಬಾಯಲ್ಲಿ ವ್ಹಾಳ. ಮೇಲಿನ ಗುಡ್ಡದ ಕಾಡಿನಿಂದ ಇಳಿದು, ಪೇಟೆಯ ಬೆನ್ನಿಗೆ ಹತ್ತಿಕೊಂಡೇ ಹರಿದು, ಗದ್ದೆಗಳ ನಡುವೆ ಹಾದು ನದಿ ಸೇರುತ್ತದೆ. ಎರಡೂ ದಂಡೆಗೆ ಕೇದಗೆಯ ಪೊದೆ. ಬೇಸಿಗೆಯಲ್ಲಿ ಅದು ಕಲ್ಲುಗಳ ಸಂದಿನಲ್ಲಿ ಸಣ್ಣಗೆ ಜಿನುಗುವ ನೀರು, ಅಷ್ಟೇ. ಗೊತ್ತಿಲ್ಲದವರು ಯಾರದೋ ಬಚ್ಚಲ ನೀರೆಂದುಕೊಂಡು ದಾಟಿ ಹೋಗುತ್ತಾರೆ. ನಾನೂ ಬಹಳ ದಿನ ಅದನ್ನು ವ್ಯಾಪಾರಿಯ ಕಣ್ಣಿನಿಂದಲೇ ನೋಡಿದೆ. ಥಂಡಿ ಗೋಡೆಗೆ ಏರುತ್ತದೆ, ಹಿಟ್ಟು ಮೆತ್ತಗಾಗುತ್ತದೆ, ಹಾವು ಬರುತ್ತದೆ. ಲಾಭದ ಪಟ್ಟಿಯಲ್ಲಿ ಅದು ಇರಲೇ ಇಲ್ಲ.

ಪಕ್ಕದ ಮನೆಯಾಕೆಯನ್ನು ನಾವೆಲ್ಲ ಮಾವ್ಶಿ, ಅಂದರೆ ಚಿಕ್ಕಮ್ಮ, ಎನ್ನುತ್ತೇವೆ; ಆಕೆಯ ಲೆಕ್ಕ ಬೇರೆ. ಆಕೆ ಹುಟ್ಟಿದ್ದೇ ಈ ಹಳ್ಳದ ದಂಡೆಯಲ್ಲಿ. ನನ್ನ ಅಂಗಡಿಗೆ ಬರುವ ಗಿರಾಕಿಗಳ ಮಾತು ಕೇಳಿ ಕೇಳಿ ಕನ್ನಡ ಕಲಿತವಳು. ಬೈಗುಳವನ್ನು ಮೊದಲು ಕಲಿತಳು, ವ್ಯಾಕರಣ ಇನ್ನೂ ಬಂದಿಲ್ಲ. ಜೂನಿನಲ್ಲಿ ಮೊದಲ ದೊಡ್ಡ ಮಳೆ ಬಿದ್ದು ಹಳ್ಳ ಕೆಂಪಗೆ ಏರಿದ ದಿನ ಆಕೆ ಹಿತ್ತಲಿನಿಂದಲೇ ನನ್ನನ್ನು ಬಾಯ್, ಎಂದರೆ ತಂಗೀ, ಎಂದು ಕೂಗುತ್ತಾಳೆ.

"ಬಾಯ್, ಬಾ ಬಾ! ಮೀನು ಹತ್ತಾಕತ್ಯಾವ!"

"ನಾ ತಿನ್ನೂದಿಲ್ಲಲ್ಲ ಮಾವ್ಶಿ."

"ತಿನ್ನೂದು ಯಾರು ಹೇಳಿದ್ದು? ನೋಡು. ನೋಡಾಕ ರೊಕ್ಕ ಇಲ್ಲ."

ಪುಕ್ಕಟೆ ಎಂದ ಮೇಲೆ ನಾನು ಹೋಗದಿರುತ್ತೇನೆಯೇ. ನದಿಯ ಮೀನು ಮೊಟ್ಟೆಯಿಡಲು ಹೊಸ ನೀರಿಗೆ ಎದುರಾಗಿ ಹಳ್ಳ ಹತ್ತುತ್ತವೆ. ಕಪ್ಪು ಬೆನ್ನು, ಉದ್ದ ಮೀಸೆ, ಕಲ್ಲಿನಿಂದ ಕಲ್ಲಿಗೆ ಹಾರಿ, ಬಿದ್ದು, ಮತ್ತೆ ಹಾರಿ. ದಂಡೆಯಲ್ಲಿ ಜನ ಬಲೆ ಹಿಡಿದು ನಿಂತಿರುತ್ತಾರೆ; ಅವರ ಕೈಗೆ ಸಿಕ್ಕಿದ್ದು ಅವರದು, ತಪ್ಪಿಸಿಕೊಂಡದ್ದು ಮೇಲಿನ ಗದ್ದೆಗೆ. ನಮ್ಮ ಮನೆಯಲ್ಲಿ ಮೀನಿನ ಹೆಸರೆತ್ತಿದರೆ ಅತ್ತೆ ಬಾಯಿ ತೊಳೆದುಕೋ ಎನ್ನುತ್ತಿದ್ದರು. ಆದರೂ ಆ ಒಂದು ದಿನ ನಾನು ಗಲ್ಲಾಪೆಟ್ಟಿಗೆ ಬಿಟ್ಟು ಹಿತ್ತಲಲ್ಲಿ ನಿಂತುಬಿಡುತ್ತಿದ್ದೆ.

ಅಂಗಡಿ ಬೆಳೆದಂತೆ ಸರಕಿಡಲು ಜಾಗ ಸಾಲಲಿಲ್ಲ. ಊರ ಇನ್ನೊಂದು ತುದಿಯಲ್ಲಿ ಬಾಡಿಗೆ ಕೋಣೆ ಹಿಡಿದೆ. ಮಳೆಗಾಲದಲ್ಲಿ ಅದರ ಹಂಚು ಸೋರಿ ಜೋಳಕ್ಕೆ ಬೂಷ್ಟು ಹಿಡಿಯುತ್ತಿತ್ತು. ಸ್ವಂತ ಗೋದಾಮು ಎಂಬುದು ನನ್ನ ತಲೆಯಲ್ಲಿ ಹುಣ್ಣಿನಂತೆ ಕೂತಿತ್ತು. ಕೊನೆಗೆ ಅಂಗಡಿಗೆ ಹೊಂದಿದ, ಹಳ್ಳದ ಪಕ್ಕದ ಉದ್ದನೆಯ ತುಂಡು ಜಾಗ ಮಾರಾಟಕ್ಕೆ ಬಂತು. ಯಾರಿಗೂ ಬೇಡವಾದ ಆಕಾರ, ಹಾವಿನ ಪೊರೆಯಂತೆ ನೀಳ. ಅದೇ ಕಾರಣ ಹೇಳಿ ಹೇಳಿ ಬೆಲೆ ಇಳಿಸಿ ಕೊಂಡೆ. ಹಳ್ಳಕ್ಕೆ ಕಾನೂನಿನ ಪ್ರಕಾರ ದಂಡೆಯುದ್ದಕ್ಕೂ ಏನೂ ಕಟ್ಟದೆ ಅಂಚು ಬಿಟ್ಟರೆ ಗೋದಾಮು ಕಿರಿದಾಗುತ್ತದೆ, ಲಾರಿ ತಿರುಗುವುದಿಲ್ಲ ಎಂಬುದು ಗೊತ್ತಿತ್ತು. ಏನಾದರೂ ದಾರಿ ಸಿಕ್ಕೀತು ಎಂದುಕೊಂಡೆ.

ದಾರಿ ತಾನಾಗಿ ಬಂತು. ಪೇಟೆಯ ಹೊಸ ಯೋಜನೆಯ ಕರಡು ನಕಾಶೆಯನ್ನು ಪಂಚಾಯಿತಿಯ ಗೋಡೆಗೆ ಅಂಟಿಸಿದರು: ಮನೆ ಎಲ್ಲಿ, ಅಂಗಡಿ ಎಲ್ಲಿ, ತೋಟ ಎಲ್ಲಿ, ಏನನ್ನೂ ಕಟ್ಟಬಾರದ ಜಾಗ ಎಲ್ಲಿ ಎಂದು ಬಣ್ಣ ಬಣ್ಣವಾಗಿ ಬರೆದಿದ್ದರು. ತಕರಾರಿದ್ದವರು ಬರೆದು ಕೊಡಬೇಕು, ಆಮೇಲೆ ಎಲ್ಲರ ಮುಂದೆ ವಿಚಾರಣೆ. ಉಸಗಾಂವದಲ್ಲಿ ಸಣ್ಣ ಗುತ್ತಿಗೆದಾರನಾಗಿರುವ ನನ್ನ ತಮ್ಮ ಬೈಕು ಹತ್ತಿ ಓಡಿ ಬಂದ. ನಾನು, ನನ್ನ ಗಂಡ, ಅವನು ಮೂವರೂ ಗೋಡೆಗೆ ಮೂಗು ಹಚ್ಚಿ ನಿಂತೆವು.

"ಯಕ್ಕಾ, ಹಳ್ಳ ಎಲ್ಲೈತಿ ಹುಡುಕು ನೋಡೂಣು."

ನೀಲಿ ಬಣ್ಣಕ್ಕಾಗಿ ಬೆರಳಾಡಿಸಿದೆ. "ಇಲ್ಲಲ್ಲೋ."

"ಇಲ್ಲ! ಇಲ್ನೋಡು, ಕರೀ ಗೆರಿ. ಗಟಾರ ಅಂತ ಬರದಾರ. ಗಟಾರ ಅಂದ್ರ ಮ್ಯಾಲ ಸ್ಲ್ಯಾಬ್ ಹಾಕಬಹುದು, ಅಂಚು ಬಿಡೂದಿಲ್ಲ, ಏನಿಲ್ಲ. ನಿನ್ನ ನಸೀಬ ತೆರೀತು ತಗೋ."

ನಮ್ಮವರು ಕನ್ನಡಕ ಸರಿ ಮಾಡಿಕೊಂಡು ಕೇಳಿದರು: "ಹಳ್ಳಕ್ಕ ತಿಳಿಸ್ಯಾರೇನು, ನೀ ಇನ್ನ ಮ್ಯಾಲ ಗಟಾರ ಅಂತ?"

ತಮ್ಮ ನಕ್ಕ. ನಾನು ನಗಲಿಲ್ಲ, ಆಗಲೇ ಮನಸ್ಸಿನಲ್ಲಿ ಲಾರಿಯನ್ನು ಒಳಗೆ ತಂದು ತಿರುಗಿಸುತ್ತಿದ್ದೆ. ಅಳತೆಯವರು ಬಂದಿದ್ದು ಏಪ್ರಿಲ್ಲಿನಲ್ಲಿ, ಅದು ನನಗೆ ನೆನಪಿತ್ತು. ಜಿನುಗು ನೀರನ್ನು ಕಂಡು ಗಟಾರವೆಂದು ಬರೆದುಕೊಂಡಿರಬೇಕು. ಅವರಿಗೆ ನಾನೇ ಮಜ್ಜಿಗೆ ಕೊಟ್ಟಿದ್ದೆ.

ಮರುದಿನವೇ ಮಾವ್ಶಿ ತಕರಾರಿನ ಅರ್ಜಿ ಹಿಡಿದು ಬಂದಳು. ಹಳ್ಳದ ಪಕ್ಕದವರೆಲ್ಲ ಸಹಿ ಹಾಕಬೇಕು, ನಕಾಶೆಯಲ್ಲಿ ಅದನ್ನು ವ್ಹಾಳ ಎಂದೇ ಬರೆಯಬೇಕು ಎಂದು. ನಾನು ಸಹಿ ಹಾಕಲಿಲ್ಲ. ಇಲ್ಲ ಎಂದೂ ಹೇಳಲಿಲ್ಲ. ಚಹಾ ಕೊಟ್ಟು ಕೂರಿಸಿದೆ.

ನಮ್ಮ ಓಣಿಯಲ್ಲಿ ಯಾರ ವ್ಯವಹಾರ ಕಗ್ಗಂಟಾದರೂ ನನ್ನನ್ನೇ ಕರೆಯುತ್ತಾರೆ. ನನ್ನ ರೀತಿ ಸರಳ: ಇಬ್ಬರನ್ನೂ ಸ್ವಲ್ಪ ಅಳಿಸುವುದು, ಇಬ್ಬರನ್ನೂ ಸ್ವಲ್ಪ ನಗಿಸುವುದು, ನಡುವೆ ಒಂದು ಜಾಗದಲ್ಲಿ ಕೈಗೆ ಕೈ ಕೂಡಿಸುವುದು. ಅದನ್ನೇ ಮಾಡಿದೆ. ಹಳ್ಳದ ನನ್ನ ಪಾಲಿನಷ್ಟು ಉದ್ದಕ್ಕೆ ದೊಡ್ಡ ಪೈಪು ಇಡುವುದು, ಮೇಲೆ ಮಣ್ಣು ಹಾಕಿ ಲಾರಿಗೆ ದಾರಿ ಮಾಡುವುದು, ಆಚೆ ದಂಡೆಯ ಕೇದಗೆ ಮುಟ್ಟದೆ ಬಿಡುವುದು.

"ನೀರು ಹೋಗತೈತಿ, ನಿಮ್ಮ ಮೀನು ಹೋಗತಾವ, ನನ್ನ ಲಾರಿನೂ ಹೋಗತೈತಿ. ಇನ್ನೇನು ಬೇಕು ಮಾವ್ಶಿ?"

"ಬಾಯ್, ಮೀನಿಗೆ ಪೈಪು ಗೊತ್ತಿಲ್ಲ."

"ಕಲೀತಾವ ಬಿಡ್ರಿ. ನೀವು ಕನ್ನಡ ಕಲೀಲಿಲ್ಲೇನು?"

ಆಕೆ ನಕ್ಕಳು, ಆದರೆ ಅರ್ಜಿಯನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು, ಹರಿಯಲಿಲ್ಲ. ವಿಚಾರಣೆಯ ದಿನ ಪೈಪಿನ ಮಾತನ್ನು ನಾನೇ ಎತ್ತುವುದು, ಆಕೆ ಎದುರಾಡದಿರುವುದು ಎಂದು ಒಪ್ಪಂದವಾಯಿತು. ಅರ್ಜಿಯನ್ನು ಮಾತ್ರ ತನ್ನೊಬ್ಬಳ ಸಹಿ ಹಾಕಿ ಕೊಟ್ಟೇ ಬಂದಳು. ಇಬ್ಬರೂ ಪೂರ್ತಿ ನಂಬಿಲ್ಲದ ಒಪ್ಪಂದವೇ ಗಟ್ಟಿ ಒಪ್ಪಂದ ಎಂದು ನಾನು ಆಗ ಹೆಮ್ಮೆಪಟ್ಟೆ. ಆದರೂ ಒಳಗೊಳಗೆ ಏನೋ ಕುಟುಕುತ್ತಿತ್ತು. ಗಿರಾಕಿಗೆ ಬೆಲ್ಲ ತೂಗುತ್ತಾ ತೂಗುತ್ತಾ ಎದ್ದು ಹಿತ್ತಲಿಗೆ ಹೋಗಿ ಬರುತ್ತಿದ್ದೆ. ನಮ್ಮವರು ಒಮ್ಮೆ ಹೇಳಿದರು, "ಏ ಸಾವಕಾರ್ತಿ, ಹಳ್ಳ ಎಲ್ಲೂ ಓಡಿ ಹೋಗೂದಿಲ್ಲ, ಕುಂದ್ರ."

ಕುಟುಕುತ್ತಿದ್ದುದು ಏನೆಂದು ಆಮೇಲೆ ಹೊಳೆಯಿತು. ನಾನು ಸ್ಯಾಂಪಲ್ ನೋಡಿರಲಿಲ್ಲ. ಕಾಳಿನ ವ್ಯಾಪಾರದಲ್ಲಿ ಚೀಲಕ್ಕೆ ಮೊನೆಯ ಕಬ್ಬಿಣದ ಕೊಳವೆ ಚುಚ್ಚಿ, ನಡುವಿನ ಕಾಳು ಹೊರತೆಗೆದು, ಹಲ್ಲಿಗೆ ಕಚ್ಚಿ ನೋಡದೆ ನಾನು ಒಂದು ಚೀಲವನ್ನೂ ಕೊಂಡವಳಲ್ಲ. ಮೇಲಿನ ಕಾಳು ಎಲ್ಲರದೂ ಚೆಂದವೇ ಇರುತ್ತದೆ. ಹಾಗಿರುವಾಗ ಪೈಪನ್ನು ಹೇಗೆ ನೋಡದೆ ಒಪ್ಪಿದೆ?

ತಮ್ಮನಿಗೆ ಫೋನು ಹಚ್ಚಿದೆ. "ನೀ ಹಾಕಿದ ಪೈಪು ಎಲ್ಲೈತಿ? ಮಳಿ ಬಿದ್ದ ದಿನ ತೋರಸು."

"ಚಲೋ ಆತು ಬಾ. ನನ್ನ ಕೆಲಸ ನೋಡಿದ್ರ ನೀನ ನನಗ ಸನ್ಮಾನ ಮಾಡ್ತಿ."

ಮೊದಲ ದೊಡ್ಡ ಮಳೆಯ ಮರುದಿನ ಮಧ್ಯಾಹ್ನ ಅವನ ಬೈಕಿನ ಹಿಂದೆ ಕೂತು ಹೋದೆ. ಉಸಗಾಂವದ ಆಚೆ ಒಂದು ಹಳ್ಳಕ್ಕೆ ಅಡ್ಡಲಾಗಿ ರಸ್ತೆ, ಕೆಳಗೆ ಅವನ ಪೈಪು. ಕೆಲಸ ಗಟ್ಟಿಯೇ ಇತ್ತು. ನನ್ನ ತಮ್ಮ ಸಿಮೆಂಟಿನಲ್ಲಿ ಮೋಸ ಮಾಡುವವನಲ್ಲ. ಆದರೆ ಪೈಪಿನ ಬಾಯಿಂದ ನೀರು ರಭಸದಿಂದ ಬಿದ್ದು ಬಿದ್ದು ಕೆಳಗಿನ ಮಣ್ಣು ಕೊಚ್ಚಿಹೋಗಿತ್ತು. ಪೈಪಿನ ಬಾಯಿ ಈಗ ನೀರಿನ ಮಟ್ಟಕ್ಕಿಂತ ಮೇಲೆ, ಗಾಳಿಯಲ್ಲಿತ್ತು. ಕೆಳಗಿನ ಗುಂಡಿಯಲ್ಲಿ ಮೀನು ಕಿಕ್ಕಿರಿದಿದ್ದವು. ಹಾರುತ್ತಿದ್ದವು, ಪೈಪಿನ ಅಂಚಿಗೆ ಹಣೆ ಬಡಿದುಕೊಂಡು ಬೀಳುತ್ತಿದ್ದವು, ಮತ್ತೆ ಹಾರುತ್ತಿದ್ದವು. ಒಂದು ಹಾಗೂ ಹೀಗೂ ಒಳಗೆ ಬಿದ್ದರೂ, ಪೈಪಿನ ನುಣುಪಿನಲ್ಲಿ ನೀರು ಅದನ್ನು ತಕ್ಷಣ ಹೊರಗೆ ಉಗುಳುತ್ತಿತ್ತು. ಜನಕ್ಕೆ ಬಲೆಯೇ ಬೇಕಿರಲಿಲ್ಲ. ಬಕೆಟ್ಟು, ಬುಟ್ಟಿ, ಒಬ್ಬಾತ ಕೊಡೆಯನ್ನು ತಲೆಕೆಳಗಾಗಿ ಹಿಡಿದು ನಿಂತಿದ್ದ, ಮೀನು ತಾವೇ ಬಂದು ಬೀಳುತ್ತಿದ್ದವು.

"ನೋಡಿದೇನು?" ತಮ್ಮ ಹಿಗ್ಗಿದ. "ಜನಕ್ಕ ಎಷ್ಟ ಅನುಕೂಲ ಆಗೈತಿ!"

ದಂಡೆಯ ಕಲ್ಲಿನ ಮೇಲೆ ಒಬ್ಬ ಹೆಂಗಸು ಮೀನು ಸೀಳುತ್ತಿದ್ದಳು. ನಾನು ಮುಖ ತಿರುಗಿಸುವಷ್ಟರಲ್ಲಿ ಹೊಟ್ಟೆಯೊಳಗಿನದು ಕಂಡುಬಿಟ್ಟಿತು. ನವಣೆ ಕಾಳಿನಂಥ ಹಳದಿ ಮೊಟ್ಟೆ, ಬೊಗಸೆ ತುಂಬ. ಎಲ್ಲ ಮೀನಿನಲ್ಲೂ ಅದೇ.

"ಇದು ಬೀಜದ ಕಾಳಲ್ಲೇನೋ," ಎಂದೆ.

"ಏನ ಬೀಜ?"

"ಬಿತ್ತೂ ಜೋಳ ಬೀಸಿ ರೊಟ್ಟಿ ತಟ್ಟಿದಂಗ ಆತು. ಈ ವರ್ಷ ಹೊಟ್ಟಿ ತುಂಬತೈತಿ. ಮುಂದ?"

ನಮ್ಮ ಹಳ್ಳದಲ್ಲೂ ಜನ ಹಿಡಿಯುತ್ತಾರೆ, ತಿನ್ನುತ್ತಾರೆ, ಅದಕ್ಕೆ ನನ್ನ ತಕರಾರಿಲ್ಲ. ಅಲ್ಲಿ ಬಲೆ ತಪ್ಪಿಸಿಕೊಂಡದ್ದಕ್ಕೆ ಮುಂದೆ ದಾರಿ ಇದೆ. ಇಲ್ಲಿ ತಪ್ಪಿಸಿಕೊಂಡರೆ ಹೋಗಲು ಜಾಗವಿರಲಿಲ್ಲ. ಒಂದೇ ದಿನದಲ್ಲಿ ಇಡೀ ಅಂಗಡಿ ಖಾಲಿಯಾದರೆ ಅದು ಲೂಟಿ, ವ್ಯಾಪಾರವಲ್ಲ.

ರಸ್ತೆ ದಾಟಿ ಪೈಪಿನ ಮೇಲ್ಬದಿಗೆ ನಡೆದೆ. ತಮ್ಮ ಬೇಡ ಬೇಡ ಎನ್ನುತ್ತಾ ಹಿಂದೆ ಬಂದ. ಅಲ್ಲಿ ಪೈಪಿನ ಬಾಯಿಗೆ ಟೊಂಗೆ, ಬಾಟಲಿ, ಹರಿದ ತಾಡಪತ್ರಿ ಸಿಕ್ಕಿಕೊಂಡು ನೀರು ಕೆರೆಯಂತೆ ನಿಂತಿತ್ತು. ಒಂದು ಮೀನಿಲ್ಲ. ಪಕ್ಕದಲ್ಲೇ ಚಹಾದಂಗಡಿ, ಇಟ್ಟವನು ವಿಜಯಪುರದವನು. ನನ್ನ ಮಾತು ಕೇಳಿದ್ದೇ ಸ್ಟೂಲು ಎಳೆದು ಹಾಕಿದ.

"ಅಂಗಡಿಯೊಳಗ ನೀರು ಬರ್ತೈತೇನ್ರಿ?"

"ಪೈಪು ಹಾಕಿದಾಗಿಂದ ಬರಾಕತ್ತೈತ್ರಿ ಅಕ್ಕಾರ. ಹ್ವಾದ ವರ್ಷ ಸಕ್ಕರಿ ಚೀಲ ಪೂರಾ ಪಾನಕ ಆತು. ಯಾವ ಪುಣ್ಯಾತ್ಮ ಹಾಕ್ಯಾನೋ ಏನೋ."

ಪುಣ್ಯಾತ್ಮ ನನ್ನ ಹಿಂದೆಯೇ ನಿಂತಿದ್ದ. ಚಹಾದ ಕಪ್ಪನ್ನೇ ನೋಡುತ್ತಾ, "ವರ್ಷಕ್ಕೊಮ್ಮೆ ಕಸಾ ತಗದ್ರ ಆತು," ಎಂದ.

"ಯಾರು ತಗೀತಾರ?"

ಅವನು ಚಹಾ ಕುಡಿದ.

ವಾಪಸ್ಸು ಬರುವಾಗ ಬೈಕಿನ ಹಿಂದೆ ಕೂತು ನಾನು ತಲೆಯಲ್ಲಿ ಚೌಕಾಸಿ ನಡೆಸುತ್ತಲೇ ಇದ್ದೆ. ಇನ್ನೂ ದೊಡ್ಡ ಪೈಪು? ಅದೂ ಒಂದು ದಿನ ಗಾಳಿಯಲ್ಲಿ ತೂಗುತ್ತದೆ. ಪೈಪಿನ ಬದಲು ಅಗಲದ ಮೋರಿ? ಹಳ್ಳದಷ್ಟೇ ಅಗಲ ಮಾಡಿದರೆ ಮಾತ್ರ ಸರಿ. ಅಷ್ಟು ಅಗಲ ಮಾಡಿದರೆ ನನಗೆ ಉಳಿಯುವುದೇನು? ನನ್ನ ಪಾಲಿನಷ್ಟನ್ನೇ ತಾನೇ ಮುಚ್ಚುವುದು, ಮೇಲೂ ಕೆಳಗೂ ತೆರೆದೇ ಇರುತ್ತದಲ್ಲ ಎಂದು ಇನ್ನೊಂದು ಆಟ ಹೂಡಿದೆ. ಅದು ಏಣಿಯ ನಡುವಿನ ಮೆಟ್ಟಿಲು ಕಿತ್ತು, ಉಳಿದವು ಇದ್ದಾವಲ್ಲ, ಹತ್ತಿ ಹೋಗು ಎಂದಂತೆ. ಜೋಳ ಹಂಚಬಹುದು, ಬಟ್ಟೆ ಹರಿದು ಹಂಚಬಹುದು, ಅಣ್ಣತಮ್ಮಂದಿರು ಗೋಡೆ ಹಾಕಿ ಮನೆಯನ್ನೂ ಹಂಚಿಕೊಳ್ಳುತ್ತಾರೆ. ಹಳ್ಳ ಮಾತ್ರ ನಡುವೆ ಮುರಿದು ಹಂಚಲಾಗದ ಸರಕು. ಇಷ್ಟು ವರ್ಷದಲ್ಲಿ ಅಂಥ ಸರಕು ನನ್ನ ಕೈಗೆ ಬಂದಿರಲಿಲ್ಲ, ಅದಕ್ಕೇ ಹೇಗೆ ಹಿಡಿಯುವುದೆಂದು ತಿಳಿಯಲಿಲ್ಲ.

ಮಾವ್ಶಿಗೆ ನೇರವಾಗಿ ಹೇಳಿದೆ: "ಆ ಪೈಪಿನ ಮಾತು ಮುರಿದೆ."

"ಸಾಯಬ್ಯಾಡ ಬಾಯ್," ಎಂದಳು ಆಕೆ. ಏನು ಹೇಳಲು ಹೊರಟಿದ್ದಳೋ, ಸಮಾಧಾನದ್ದೇ ಇರಬೇಕು.

ವಿಚಾರಣೆಯ ದಿನ ಪಂಚಾಯಿತಿಯ ಸಭಾಂಗಣ ತುಂಬಿತ್ತು. ಹಳ್ಳದ ಪಕ್ಕದ ಜಾಗದವರು ಒಂದು ಕಡೆ. ನನ್ನ ತಮ್ಮನೂ ಅವರೊಡನೆ ಕೂತಿದ್ದ, ಅವರಲ್ಲಿ ಇಬ್ಬರು ಅವನಿಗೆ ಕೆಲಸ ಕೊಡುವವರಿದ್ದರು. ಮೇಜಿನ ಹಿಂದೆ ಯೋಜನಾ ಇಲಾಖೆಯ ಅಧಿಕಾರಿ, ವಯಸ್ಸಿನಲ್ಲಿ ನನಗಿಂತ ಬಹಳ ಚಿಕ್ಕ ಹೆಣ್ಣುಮಗಳು. ನಾನು ಎದ್ದು ನನ್ನ ಅಂಗಡಿ ಕೊಂಕಣಿಯಲ್ಲಿ ಹೇಳಿದೆ: ಇದು ಗಟಾರವಲ್ಲ, ಇದಕ್ಕೆ ಮೇಲೆ ಕಾಡಿದೆ, ಕೆಳಗೆ ನದಿಯಿದೆ, ಹಳ್ಳವೆಂದೇ ಬರೆಯಿರಿ. ನಮ್ಮವರು ಹಿತ್ತಲಲ್ಲಿ ನಿಂತು ಮಾಡಿದ್ದ, ತುಂಬಿದ ಹಳ್ಳದ ವಿಡಿಯೋ ತೋರಿಸಿದರು. ಅದರಲ್ಲಿ ಹಳ್ಳದ ಸದ್ದಿಗಿಂತ ಮಾವ್ಶಿಯ ಕೂಗೇ ಜೋರಾಗಿತ್ತು.

ಜಾಗದವರಲ್ಲಿ ಒಬ್ಬ ನಮ್ಮ ಬೆಳಗಾವಿ ಕಡೆಯವನೇ. ಕನ್ನಡದಲ್ಲೇ ಚುಚ್ಚಿದ: "ಮೀನು ಮುಟ್ಟದಾಕಿ ಮೀನಿನ ವಕೀಲಿ ಮಾಡಾಕ ಬಂದಾಳ ನೋಡ್ರಿ!"

ಸಭೆಯೆಲ್ಲ ನಕ್ಕಿತು.

"ಅದಕ್ಕ ನನ್ನ ಮಾತು ನಂಬ್ರಿ," ಎಂದೆ. "ನೀವು ತಿಂತೀರಿ, ನಿಮಗ ಆಸೆ ಐತಿ. ನನಗ ಇದರಾಗ ಒಂದು ಮುಳ್ಳೂ ಸಿಗೂದಿಲ್ಲ."

ಆಗ ಇನ್ನೂ ಜೋರು ನಗು. ಅಧಿಕಾರಿ ಅರ್ಥ ಕೇಳಿ ತಿಳಿದುಕೊಂಡು, ಕಾಗದ ತಿರುವಿ, ಕೊಂಕಣಿಯಲ್ಲಿ ಕೇಳಿದರು: ನಿಮ್ಮದೇ ಜಾಗವಿದೆಯಲ್ಲ, ಹಳ್ಳವೆಂದು ಬರೆದರೆ ನೀವೇ ಅಂಚು ಬಿಡಬೇಕಾಗುತ್ತದೆ. ಒಂದು ಕೆಲಸ ಮಾಡಬಹುದು, ಮೇಲಿನ ಭಾಗವನ್ನು ಹಳ್ಳವೆಂದು ಬರೆದು, ಪೇಟೆಯ ಭಾಗವನ್ನಷ್ಟು ಗಟಾರವೆಂದೇ ಇಡೋಣವೇ?

ನಡುವಿನ ದಾರಿ! ಬದುಕಿಡೀ ನಾನು ಕಾದು ಕೂತು ಹಿಡಿದ ಮೀನದು. 'ಆಗಲಿ' ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ತಮ್ಮ ನನ್ನನ್ನೇ ನೋಡುತ್ತಿದ್ದ; ಅಕ್ಕ ಒಪ್ಪುತ್ತಾಳೆ ಎಂದು ಅವನಿಗೆ ಖಾತ್ರಿಯಿತ್ತು, ಯಾಕೆಂದರೆ ನಾನು ಯಾವಾಗಲೂ ಒಪ್ಪಿದ್ದೆ.

"ಇಲ್ಲ ಬಾಯ್," ಎಂದೆ. "ಗುಡ್ಡದಿಂದ ಗದ್ದೆಯವರೆಗೆ ಒಂದೇ ಗೆರೆ. ನನ್ನ ಜಾಗದಲ್ಲೂ ಆ ಗೆರೆ ತುಂಡರಿಸಬೇಡಿ. ನಾನು ಅಂಚು ಬಿಟ್ಟೇ ಕಟ್ಟುತ್ತೇನೆ. ನಿಮಗೆ ಅನುಮಾನವಿದ್ದರೆ ಮಳೆ ಬರುವಾಗ ಬನ್ನಿ, ಅಂಗಡಿಯಲ್ಲಿ ಗಂಬೂಟು ಇದೆ."

ಅವರು ಬಂದರು. ಧೋ ಎಂದು ಸುರಿಯುವ ಮಳೆಯಲ್ಲಿ ಮಾವ್ಶಿಯ ಕೈ ಹಿಡಿದು ದಂಡೆಯುದ್ದಕ್ಕೂ ನಡೆದರು, ಜಾರಿ ಬಿದ್ದರು, ಎದ್ದರು, ಫೋಟೋ ತೆಗೆದರು. ಬರೆಯುತ್ತೇನೆ ಎಂದರು. ಕೊಟ್ಟದ್ದು ಅಷ್ಟೇ ಮಾತು.

ತಮ್ಮ ಆ ಶ್ರಾವಣದಲ್ಲಿ ಪಂಚಮಿಗೆ ಕರೆಯಲು ಬರಲಿಲ್ಲ. ಎಷ್ಟೋ ವರ್ಷದಿಂದ ತಪ್ಪದ ಕರೆ. ನಾನೇ ಶೇಂಗಾ ಉಂಡಿ, ಎಳ್ಳುಂಡಿ ಕಟ್ಟಿಕೊಂಡು ಬಸ್ಸು ಹತ್ತಿ ಹೋದೆ. ಬಾಗಿಲಲ್ಲೇ ನಿಂತು, "ಉಂಡಿ ಇಟ್ಟು ಹೋಗು," ಎಂದ. ಇಟ್ಟು ಒಳಗೆ ಹೋಗಿ ಕೂತೆ. ಉಂಡಿ ತಿಂದ, ಮಾತಾಡಲಿಲ್ಲ. ಈಗ ಮಾತಾಡುತ್ತಾನೆ, ಆದರೆ ಕೆಲಸದ ಮಾತನ್ನು ನನ್ನ ಮುಂದೆ ಎತ್ತುವುದಿಲ್ಲ.

ಗೋದಾಮು ಕಟ್ಟಿದೆ, ಕಿರಿದಾಗಿ. ಲಾರಿ ರಸ್ತೆಯಿಂದಲೇ ಹಿಂದಕ್ಕೆ ಬರಬೇಕು, ನಮ್ಮವರು ಹಿಂದೆ ನಿಂತು "ಬರ್ಲಿ, ಬರ್ಲಿ" ಎನ್ನುತ್ತಾರೆ. ಅಂತಿಮ ನಕಾಶೆ ನಾನು ಇದನ್ನು ಬರೆಯುವ ಹೊತ್ತಿಗೂ ಬಂದಿಲ್ಲ. ಹೋದ ವಾರ ಮೇಲಿನ ಜಾಗದಲ್ಲಿ ಯಾರೋ ಕೆಮ್ಮಣ್ಣಿನ ಟಿಪ್ಪರು ತಂದು ದಂಡೆಗೆ ಸುರಿಯುತ್ತಿದ್ದರು. ನಾನೂ ಮಾವ್ಶಿಯೂ ಹೋಗಿ ಟಿಪ್ಪರಿನ ಮುಂದೆ ನಿಂತೆವು. ಡ್ರೈವರು ನಮ್ಮ ಕಡೆಯವನು. "ಅಕ್ಕಾರ, ನನಗ ಹೇಳಿದಲ್ಲಿ ಸುರೀತೇನಿ," ಎಂದ. ಸುರಿದದ್ದು ಹಾಗೇ ಬಿದ್ದಿದೆ. ಮಳೆ ಹತ್ತಿರ ಬಂದಿದೆ. ದಿನಕ್ಕೆ ಹಲವು ಸಲ ಎದ್ದು ಹೋಗಿ ನೋಡಿ ಬರುತ್ತೇನೆ, ನೋಡುವುದರಿಂದ ಮಣ್ಣೇನೂ ಕರಗುವುದಿಲ್ಲ ಎಂದು ಗೊತ್ತಿದ್ದೂ.

ನಿಮಗೆ ಹೇಳುವುದಿಷ್ಟು. ನಿಮ್ಮೂರಿನ ಯೋಜನೆಯ ಕರಡು ಗೋಡೆಗೆ ಬಿದ್ದರೆ, ಮೊದಲು ನಿಮ್ಮ ಮನೆ ಹುಡುಕಬೇಡಿ, ಎಲ್ಲರೂ ಅದನ್ನೇ ಮಾಡುತ್ತಾರೆ. ಹಳ್ಳ, ಕೆರೆ, ಗುಡ್ಡ, ದೇವರ ಕಾಡು ಯಾವ ಬಣ್ಣದಲ್ಲಿವೆ, ಅವಕ್ಕೆ ಏನೆಂದು ಹೆಸರು ಬರೆದಿದ್ದಾರೆ ಎಂದು ಓದಿ. 'ಬಂಜರು', 'ಗಟಾರ', 'ಖಾಲಿ ಜಾಗ' ಎಂದಿದ್ದರೆ ಅಲ್ಲಿಗೇ ಹೋಗಿ ನಿಂತು ನೋಡಿ, ಬೇಸಿಗೆಯಲ್ಲಿ ಒಮ್ಮೆ, ಮಳೆಯಲ್ಲಿ ಒಮ್ಮೆ. ತಕರಾರನ್ನು ಬಾಯಲ್ಲಿ ಹೇಳಬೇಡಿ, ಬರೆದು ಕೊಡಿ, ನಿಮ್ಮ ಪ್ರತಿಗೆ ಕಚೇರಿಯ ಮುದ್ರೆಯ ಠಸ್ಸೆ ಹಾಕಿಸಿಕೊಳ್ಳಿ; ಠಸ್ಸೆ ಇಲ್ಲದ ಕಾಗದ ರದ್ದಿ. ಮುಚ್ಚಿದರೂ ಏನಾಗುವುದಿಲ್ಲ ಎನ್ನುವವರಿಗೆ, ಮುಚ್ಚಿದ ಇನ್ನೊಂದು ಕಡೆ ತೋರಿಸು ಎನ್ನಿ, ಮತ್ತು ಅದರ ಮೇಲ್ಬದಿಗೂ ನಡೆದು ನೋಡಿ. ರಸ್ತೆಯ ಅಗಲಕ್ಕೆ, ಪಾರ್ಕಿಂಗಿಗೆ, ಮಾರ್ಕೆಟ್ಟಿನ ಜಾಗಕ್ಕೆ ಎಷ್ಟು ಬೇಕಾದರೂ ಚೌಕಾಸಿ ಮಾಡಿ, ನಡುವಿಗೆ ಬನ್ನಿ. ಹರಿಯುವ ನೀರಿನ ದಾರಿಗೆ ಮಾತ್ರ ಒಂದೇ ಬೆಲೆ ಹೇಳಿ. ಹೇಳುವ ಮೊದಲು ನಿಮ್ಮ ಕಡೆಯ ಅಂಚನ್ನು ಬಿಟ್ಟು ಗೂಟ ಹೊಡೆಯಿರಿ, ಇಲ್ಲದಿದ್ದರೆ ಯಾರೂ ಕೇಳುವುದಿಲ್ಲ. ವಿಚಾರಣೆಗೆ ಒಬ್ಬರೇ ಹೋಗಬೇಡಿ. ಜೋರು ದನಿಯ ಒಬ್ಬ ಹೆಂಗಸನ್ನು ಕರೆದುಕೊಂಡು ಹೋಗಿ. ಮತ್ತು ಅಳತೆಯವರು ಏಪ್ರಿಲ್ಲಿನಲ್ಲಿ ಬಂದರೆ, ಮಜ್ಜಿಗೆ ಕೊಟ್ಟು ಸುಮ್ಮನೆ ಒಳಗೆ ಹೋಗಬೇಡಿ. ಅವರ ಜೊತೆ ನಡೆಯಿರಿ.